ಗುಡಿಸಬಾರದ ನೆಲ

ನಮ್ಮ ಮೇಡಂ ಸೀರೆಯ ಅಂಚಿಗೆ ಉತ್ತರಾಣಿ ಬೀಜ ಅಂಟಿಕೊಂಡಿಲ್ಲದ ದಿನವನ್ನು ನಾನು ನೋಡಿಲ್ಲ. ದೊಡ್ಡವರು ಕೂತ ಸಭೆಗೂ ಹಾಗೆಯೇ ಬರುತ್ತಿದ್ದರು. ಯಾರಾದರೂ ಕಣ್ಸನ್ನೆ ಮಾಡಿದರೆ, "ಟಿಕೆಟ್ ಇಲ್ಲದೆ ಹತ್ಕೊಂಡು ಬಂದವೆ, ಇರ್ಲಿ ಬುಡಿ" ಎಂದು ನಗುತ್ತಿದ್ದರು.

ಮೈಸೂರಿನ ಸಾರ್ವಜನಿಕ ಮರವನದಲ್ಲಿ ಅವರು ಸಸ್ಯವಿಜ್ಞಾನಿ. ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಹೂಟಗಳ್ಳಿಯ ಹುಡುಗಿ. ಬೇರೆ ಬೇರೆ ಕಾಡುಗಳ ಮರಗಳನ್ನು ತಂದು ಬೆಳೆಸಿದ ಆ ವನಕ್ಕೆ ಬೆಳಗಾದರೆ ಊರವರು ವಾಕಿಂಗಿಗೆ ಬರುತ್ತಾರೆ. ಅದರ ಒಂದು ಮೂಲೆಯಲ್ಲಿ, ಹಳೆಯ ಹೊನ್ನೆ ಮತ್ತಿ ಮರಗಳ ಕೆಳಗೆ, ಮೇಡಂ ತಂತಿಬೇಲಿ ಹಾಕಿಸಿದ್ದರು. ಬೇಲಿಯೊಳಗೆ ಪೊರಕೆ ಹೋಗುವಂತಿರಲಿಲ್ಲ. ಎಲೆ ಬಿದ್ದಲ್ಲೇ ಕೊಳೆಯಬೇಕು, ಬೀಜ ಬಿದ್ದಲ್ಲೇ ಮೊಳೆಯಬೇಕು. ಊರಿನ ನಡುವೆ ಕಾಡು ತನ್ನಷ್ಟಕ್ಕೆ ಮತ್ತೆ ಹುಟ್ಟಬಲ್ಲದೇ ಎಂಬುದು ಅವರ ಪ್ರಶ್ನೆ. ತಾನಾಗಿ ಎದ್ದ ಒಂದೊಂದು ಸಸಿಯ ಪಕ್ಕಕ್ಕೂ ನಂಬರು ಕೊರೆದ ತಗಡಿನ ಬಿಲ್ಲೆ ಸಿಕ್ಕಿಸಿ, ಯಾವುದು ಚಿಗುರಿತು, ಯಾವುದು ಬಿಸಿಲಿಗೆ ಬಾಡಿತು, ಯಾವುದನ್ನು ಹುಳು ತಿಂದಿತು ಎಂದು ವರ್ಷಗಟ್ಟಲೆ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ನಾನು ಅವಸರದಲ್ಲಿ ಒಳಗೆ ಕಾಲಿಟ್ಟರೆ, "ಬಾಣಂತಿ ಕೋಣೆಗೆ ಹಿಂಗಾ ಕಣೇ ನುಗ್ಗೋದು?" ಎಂದು ಗದರುತ್ತಿದ್ದರು.

ಆದರೆ ನಮ್ಮೂರಿಗೆ ಒಂದು ರೋಗವಿದೆ. ಬಾಗಿಲ ಮುಂದೆ ನಾಲ್ಕು ಎಲೆ ಬಿದ್ದಿದ್ದರೆ ಮರ್ಯಾದೆ ಹೋಯಿತು ಎಂದುಕೊಳ್ಳುವ ರೋಗ. ಹೀಗೆಂದರೆ ಜನ ನನ್ನ ಮೇಲೆ ಮುನಿಯುತ್ತಾರೆ, ಮುನಿಯಲಿ. ಒಂದು ವರ್ಷ ದಸರಾ ಹತ್ತಿರ ಬಂದಾಗ, ನಾನೂ ಮೇಡಮ್ಮೂ ಸಮ್ಮೇಳನಕ್ಕೆಂದು ಊರು ಬಿಟ್ಟಿದ್ದ ಭಾನುವಾರ, ವಾಕಿಂಗ್ ಬಳಗದವರು ಬೇಲಿಯೊಳಗೆ ಶ್ರಮದಾನ ಮಾಡಿಬಿಟ್ಟರು. ಸಸಿಗಳನ್ನೆಲ್ಲ ಕಳೆಯೆಂದು ಕಿತ್ತು, ತರಗೆಲೆಯ ಜೊತೆ ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಮರದ ಬುಡಗಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬೋಳು ನೆಲಕ್ಕೆ ನೀರು ಚಿಮುಕಿಸಿ ರಂಗೋಲಿಯನ್ನೂ ಬಿಟ್ಟಿದ್ದರು.

ನಾವು ವಾಪಸಾದ ದಿನ ಬಳಗದ ಅಧ್ಯಕ್ಷರು ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು.

"ನಿಮ್ಮ ಬಿಲ್ಲೆ ಒಂದೂ ಕಳೀಲಿಲ್ಲ ಮೇಡಂ. ಎಲ್ಲಾ ತೊಳ್ದು, ನಂಬರಿನ ಪ್ರಕಾರ ಜೋಡ್ಸಿ ತಂದಿದ್ದೀವಿ."

ಆ ಮುಖದಲ್ಲಿದ್ದ ಹೆಮ್ಮೆಯನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಮೇಡಂ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಮಕ್ಳನ್ನ ಬೆಂಕಿಗೆ ಹಾಕಿ ಆಧಾರ್ ಕಾರ್ಡ್ ಜೋಪಾನ ಮಾಡಿದ್ದೀರಲ್ಲ ಸ್ವಾಮಿ" ಎಂದರು.

"ಅಯ್ಯೋ, ಸಿಟ್ಟಾಗ್ಬೇಡಿ. ನರ್ಸರಿಯಿಂದ ಅದ್ಕಿಂತ ಒಳ್ಳೆ ಸಸಿ ತಂದು ನೆಟ್ಬುಡೋಣ."

"ನೀವು ನೆಟ್ರೆ ಅದು ತೋಟ ಕಣ್ರೀ. ನಾನು ಕಾಯ್ತಿದ್ದಿದ್ದು ಯಾರೂ ನೆಡದೆ ತಾನಾಗೇ ಏಳೋದಕ್ಕೆ."

ಒಳ್ಳೆಯ ಉದ್ದೇಶದಿಂದ ಮಾಡಿದ್ದಾರೆ, ದೂರು ಬೇಡ ಎಂದು ಮೇಲಿನವರು ಸಮಾಧಾನ ಹೇಳಿದರು. ಒಳ್ಳೆಯ ಉದ್ದೇಶ! ಅದೊಂದಿದ್ದರೆ ಸಾಕು, ಈ ಊರಿನಲ್ಲಿ ಯಾರ ಬದುಕಿನ ಕೆಲಸವನ್ನಾದರೂ ಮಣ್ಣುಪಾಲು ಮಾಡಬಹುದು. ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಅತ್ತರು. ಅದು ದುಃಖದ ಅಳುವಲ್ಲ, ಕೋಪದ್ದು.

ಮುಂದಿನ ಮಳೆಗೆ ಮೊದಲಿನಿಂದ ಶುರು ಮಾಡಿದರು. ನಿವೃತ್ತಿ ಹತ್ತಿರವಿತ್ತು, ಒಂದು ಹೊನ್ನೆ ಸಸಿ ಮರವಾಗುವುದನ್ನು ತಾವು ನೋಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನಿವೃತ್ತರಾದ ಮೇಲೂ ಬರುತ್ತಲೇ ಇದ್ದರು. ನಾನು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ ದಟ್ಟಗಳ್ಳಿಯಲ್ಲಿ ಮನೆ ಮಾಡಿದ ಮೇಲೂ ರಜೆಯ ದಿನ ಫೋನು ಮಾಡಿ ಕರೆಸಿಕೊಳ್ಳುತ್ತಿದ್ದರು. ನೆಲವನ್ನು ಓದುವುದನ್ನು ನಾನು ಕಲಿತದ್ದು ಅಲ್ಲಿಯೇ.

ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟರು. ಬಳಗದವರು ಮರವನದಲ್ಲೇ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಹೋಗಿ ನೋಡುತ್ತೇನೆ, ಶಾಮಿಯಾನ ಬೇಲಿಯೊಳಗೇ! ಅರ್ಧ ನೆಲ ಗುಡಿಸಿಯಾಗಿತ್ತು. ಉಳಿದರ್ಧದಲ್ಲಿ ಸಸಿಗಳ ನಡುನಡುವೆ ಕುರ್ಚಿ ಹಾಕಿ ಜನ ಕೂತಿದ್ದರು.

"ಮೇಡಂಗೆ ಇಷ್ಟವಾದ ಜಾಗ ಅಲ್ವಾ ಕಣಮ್ಮ? ಅದಕ್ಕೇ ಇಲ್ಲೇ ಮಾಡ್ಬುಟ್ವಿ" ಎಂದರು ಅಧ್ಯಕ್ಷರು.

"ಏಳಿ! ಎಲ್ಲರೂ ಬೇಲಿಯಿಂದಾಚೆ ಹೋಗಿ!" ಎಂದು ಕಿರುಚಿದೆ.

"ಸತ್ತೋರ ಫೋಟೋ ಮುಂದೆ ಇಂಗಾ ಮಾತಾಡೋದು?" ಎಂದರು ಯಾರೋ. ಒಬ್ಬರೂ ಏಳಲಿಲ್ಲ.

ಎದ್ದವರು ಮೇಡಂ ಅವರ ಯಜಮಾನರು. ಮಾತು ಕಡಿಮೆಯ ಮನುಷ್ಯ. ಮುಂದಿನ ಸಾಲಿನಿಂದ ಎದ್ದು, ಹಾರ ಹಾಕಿದ್ದ ಫೋಟೋವನ್ನು ಮೇಜಿನಿಂದ ಎತ್ತಿಕೊಂಡರು.

"ಇವ್ಳು ಇಲ್ಲಿ ಯಾರ್ನೂ ಕೂರಕ್ಕೆ ಬಿಡ್ತಿರ್ಲಿಲ್ಲ. ನನ್ನೂ ಕೂಡ" ಎಂದರು.

ಸಸಿಗಳನ್ನು ಬಳಸಿಕೊಂಡು ನಡೆದು, ಬೇಲಿಯ ಆಚೆ ಹಾದಿಯಲ್ಲಿ ಫೋಟೋ ಹಿಡಿದು ನಿಂತರು. ಫೋಟೋ ಆಚೆ ಹೋದ ಮೇಲೆ ಸಭೆ ಇನ್ನೆಲ್ಲಿ? ಒಬ್ಬೊಬ್ಬರಾಗಿ ಎದ್ದು ಹೊರಟರು. ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ ಎದ್ದರು. ಅವರೂ ನೆಲ ನೋಡಿ ನೋಡಿ ಕಾಲಿಟ್ಟರು. ಮೇಡಂ ಬದುಕಿದ್ದಾಗ ಆ ಎಚ್ಚರ ಅವರಿಗೆ ಒಂದೇ ಒಂದು ಸಲ ಬಂದಿದ್ದರೆ, ನಾನು ಅವರನ್ನು ಕ್ಷಮಿಸುತ್ತಿದ್ದೆ.