ಅಕ್ಷವನ್ನು ಮುಟ್ಟದ ಗೆರೆ

ಗುಂಡ್ಲುಪೇಟೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಊರೂರಿಗೆ ಮೊಬೈಲ್ ಇನ್ನೂ ಬಂದಿರದ ವರ್ಷಗಳು. ಗ್ರಾಫಿನ ಆಕಾರ ಕಂಡೊಡನೆ ಫಂಕ್ಷನ್ ಯಾವುದೆಂದು ಹೇಳುವುದು ನಮ್ಮ ತರಗತಿಯ ಪಂದ್ಯ. ಅದರಲ್ಲಿ ಸೋಲದವನು ನಾನೊಬ್ಬನೇ.

ಒಮ್ಮೆ, ಮನೆಯ ಹತ್ತಿರ ದಿನವೂ ಬದಲಾಗುವ ಏನನ್ನಾದರೂ ಒಂದು ವಾರ ಅಳೆದು ಗ್ರಾಫ್ ಬರೆದು ತನ್ನಿ ಎಂದೆ. ಭೀಮನಬೀಡಿನ ಆಚೆ ಕಾಡಂಚಿನಲ್ಲಿ ಅಜ್ಜಿಯ ಜೊತೆಗಿದ್ದ ಹುಡುಗಿಯೊಬ್ಬಳು ಶನಿವಾರ ಬೆಳಿಗ್ಗೆ ಹಾಳೆ ಕೊಟ್ಟಳು. ರಾತ್ರಿ ಬಂದುಹೋಗುತ್ತಿದ್ದ ಒಂಟಿ ಆನೆಯ ಹೆಜ್ಜೆಗುರುತು ಮನೆಯ ಗೋಡೆಯಿಂದ ಎಷ್ಟು ದೂರವಿದೆ ಎಂದು ಹಗ್ಗ ಹಿಡಿದು ಅಳೆದಿದ್ದಳು. ಎಂಬತ್ತು ಮಾರು, ಐವತ್ತು, ಮೂವತ್ತು, ಇಪ್ಪತ್ತು, ಆ ಬೆಳಿಗ್ಗೆ ಹತ್ತು.

"ಆನೆನೂ ಓಂವರ್ಕ್ ಮಾಡ್ತದೆ ಕಣ್ಲಾ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಗೆರೆ ಕಡಿದಾಗಿ ಇಳಿದು, ಬರಬರುತ್ತ ಬಾಗಿ ಮಲಗುತ್ತಿತ್ತು. ನಾನು ಕಂಡೊಡನೆ ಗುರುತಿಸಿದೆ. "ಇದು ಅಕ್ಷದ ಹತ್ತಿರ ಹತ್ತಿರ ಬರುತ್ತೆ, ಮುಟ್ಟಲ್ಲ."

"ಮುಟ್ಟಕಿಲ್ವಾ ಸಾ? ಮಾವ ಅವರ ಮನೇಲಿ ಮಲಿಕೊಳ್ಳಿ ಅಂತಾವ್ರೆ. ಅಜ್ಜಿ ಒಪ್ತಿಲ್ಲ."

"ಮುಟ್ಟಲ್ಲ ಕಣಮ್ಮಿ."

ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಕೂತು ಅಂಕ ಹಾಕುವಾಗ, ಚುಕ್ಕೆಗಳ ಕೆಳಗೆ ಅವಳು ಸಣ್ಣಗೆ ಬರೆದಿದ್ದ ವಾರಗಳನ್ನು ಮೊದಲ ಸಲ ಓದಿದೆ. ಶನಿ, ಮಂಗಳ, ಗುರು, ಶುಕ್ರ, ಶನಿ. ಮಳೆಯಲ್ಲಿ ಗುರುತು ಅಳಿಸಿಹೋದ ದಿನಗಳಿಗೆ ಅವಳು ಜಾಗವನ್ನೇ ಬಿಟ್ಟಿರಲಿಲ್ಲ. ಮಕ್ಕಳೆಲ್ಲ ಮಾಡುವ ತಪ್ಪು. ಬೇರೆ ಹಾಳೆಯಲ್ಲಿ ಭಾನು, ಸೋಮ, ಬುಧವಾರಗಳ ಮನೆಗಳನ್ನು ಖಾಲಿ ಬಿಟ್ಟು ಮತ್ತೆ ಚುಕ್ಕೆ ಇಟ್ಟೆ. ಬಾಗು ಮಾಯವಾಯಿತು. ಅಡಿಕೋಲು ಇಟ್ಟು ನೋಡಿದೆ: ನೇರ ಗೆರೆ. ದಿನಕ್ಕೆ ಸರಿಯಾಗಿ ಹತ್ತು ಮಾರು. ಅದು ಅಕ್ಷವನ್ನು, ಅಂದರೆ ಮನೆಯ ಗೋಡೆಯನ್ನು, ಮುಟ್ಟುವುದು ಭಾನುವಾರ ಬೆಳಗಾಗುವ ಮೊದಲು.

ಉಳಿದ ಹಾಳೆಗಳನ್ನು ಅಲ್ಲೇ ಬಿಟ್ಟು ಭೀಮನಬೀಡಿನ ಬಸ್ಸು ಹಿಡಿದೆ.

ಬಸ್ಸಿಳಿದು, ದಾರಿ ಕೇಳುತ್ತ ನಡೆದು ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹಿಂದಿನ ಗೋಡೆಗೆ ತಾಗಿದಂತೆ ಹಾಸಿದ ಅಜ್ಜಿಯ ಚಾಪೆ, ಪಕ್ಕದಲ್ಲಿ ರಾಗಿ ಮೂಟೆ.

"ನೀವೇ ಮುಟ್ಟಕಿಲ್ಲ ಅಂದ್ರಂತೆ ಮೇಷ್ಟ್ರೇ. ಅದ್ಕೇ ಓಗಕಿಲ್ಲ ಅಂದ್ಬುಟ್ಟೆ."

"ನಾನು ತಪ್ಪು ಹೇಳಿದೆ ಅಜ್ಜಿ. ಇವತ್ತೊಂದು ರಾತ್ರಿ ಹೋಗಿ."

"ಮೇಷ್ಟ್ರೂ ತಪ್ತಾರಾ!" ಅಜ್ಜಿ ನಕ್ಕರು. ಆದರೂ ಚಾಪೆ ಸುತ್ತಿದರು. ಅವರು ಬೀಗ ಹಾಕುವವರೆಗೂ ನಾನು ಅಂಗಳದಲ್ಲೇ ನಿಂತಿದ್ದೆ. ಕಾಡಿನ ಕಡೆಯಿಂದ ಒಂದು ಸದ್ದೂ ಇರಲಿಲ್ಲ, ಹಕ್ಕಿಯದೂ.

ಸೋಮವಾರ ಅವಳು ತರಗತಿಗೆ ಬಂದಳು. ಶನಿವಾರ ರಾತ್ರಿ ಅವರ ಮನೆಯ ಹಿಂದಿನ ಗೋಡೆ ಬಿದ್ದಿತ್ತು, ರಾಗಿ ಮೂಟೆ ಹರಿದಿತ್ತು. ಚಾಪೆ ಹಾಸುತ್ತಿದ್ದ ಜಾಗದಲ್ಲಿ ಒಂದೇ ಒಂದು ಹೆಜ್ಜೆ, ಆಳವಾಗಿ. ಅಳೆದುಕೊಂಡು ಬಂದಿದ್ದಳು.

"ಗೋಡೆಯಿಂದ ಒಂದು ಮಾರು ಒಳಗೆ ಸಾ," ಎಂದು ಹಾಳೆ ಮುಂದಿಟ್ಟಳು. "ಇದನ್ನ ಎಲ್ಲಿ ಗುರುತು ಮಾಡ್ಲಿ?"

ಅಕ್ಷದ ಕೆಳಗೆ ಬೆರಳಿಟ್ಟು ತೋರಿಸಿದೆ. ಅವಳು ಸರಿಯಾಗಿ ಭಾನುವಾರದ ಮನೆಯಲ್ಲೇ ಚುಕ್ಕೆ ಇಟ್ಟಳು.