ಸಿ.ಡಿ.ಗೆ ಹಚ್ಚಿದ ಕುಂಕುಮ

ಚಾಮರಾಜಪೇಟೆಯ ನಮ್ಮ ಮನೆಯ ಹಜಾರದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು ಮದುವೆ ಪತ್ರಿಕೆಗಳನ್ನು ಟೈಪ್ ಮಾಡಿ ಪಕ್ಕದ ಬೀದಿಯ ಪ್ರೆಸ್ಸುಗಳಿಗೆ ಕೊಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಪತ್ರಿಕೆ ಕೆಲಸ ಪಕ್ಕಕ್ಕಿಟ್ಟು ಅತ್ತೆ ಹೇಳುವ ಹಾಡುಗಳನ್ನು ನೇರ ಕಂಪ್ಯೂಟರಿಗೇ ಟೈಪ್ ಮಾಡಿಕೊಳ್ಳುತ್ತಿದ್ದೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಯಾವುದೂ ಪುಸ್ತಕದಲ್ಲಿರಲಿಲ್ಲ, ಎಲ್ಲ ಅವರ ಬಾಯಲ್ಲೇ ಇದ್ದವು. ನಡುನಡುವೆ ನಿಲ್ಲಿಸಿ, "ಈ ಸಾಲು ನಮ್ಮತ್ತೆ ಸೇರಿಸಿದ್ದು ಕಣೇ. ಇದು ನಂದು" ಎನ್ನುತ್ತಿದ್ದರು.

"ಯಾರದೋ ಹಾಡಿಗೆ ನಿಮ್ಮ ಸಾಲು ಸೇರಿಸ್ಬಹುದಾ?" ಎಂದು ಕೇಳಿದ್ದೆ.

"ಹಾಡಿಗೆ ಯಾರಾದ್ರೂ ಬೀಗ ಹಾಕ್ತಾರಾ? ಕಲೀಬೇಕು, ಸೇರಿಸ್ಬೇಕು, ಇನ್ನೊಬ್ಬರಿಗೆ ಕೊಡ್ಬೇಕು" ಎಂದಿದ್ದರು.

ಎರಡು ವರ್ಷದಲ್ಲಿ ನೂರೆಂಬತ್ತು ಹಾಡಾದವು. ಅಷ್ಟರಲ್ಲಿ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಿಸುಮಾತಿನಲ್ಲಿ ನಾಲ್ಕು ಪದ ಆಡಿದರೆ ಸುಸ್ತಾಗುತ್ತಿದ್ದರು. ಇನ್ನು ಆ ಹಾಡುಗಳು ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ, ಮತ್ತು ನಾನು ಜಾಣತನದಿಂದ ಮಾಡಿಟ್ಟಿದ್ದ ಒಂದು ಸಿ.ಡಿ.ಯಲ್ಲಿ. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಪೂರ್ತಿ ತಿದ್ದಿ ಮುಗಿಸಿಯೇ ಪ್ರಿಂಟ್ ತೆಗೆಯಬೇಕೆಂಬುದು ನನ್ನ ಹಟ.

ನವರಾತ್ರಿ ಕಳೆದ ಮರುವಾರ ಯಾರೋ ಗಿರಾಕಿ ತಂದ ಫ್ಲಾಪಿಯಿಂದ ವೈರಸ್ ಬಂತು. ಕಂಪ್ಯೂಟರ್ ಅರ್ಧಕ್ಕೆ ಎದ್ದು ಮತ್ತೆ ಮಲಗತೊಡಗಿತು. ಜೋಡಿಸಿಕೊಟ್ಟ ಅಂಗಡಿಯವನೇ ಬಂದು ನೋಡಿದ. "ಫಾರ್ಮ್ಯಾಟ್ ಮಾಡ್ದೆ ಬೇರೆ ದಾರಿ ಇಲ್ಲ ಮೇಡಂ. ಒಳಗಿರೋದೆಲ್ಲ ಹೋಗತ್ತೆ" ಎಂದ. ಹೋಗಲಿ ಎಂದು ಗತ್ತಿನಿಂದ ಸಿ.ಡಿ. ತಂದು ಕೊಟ್ಟೆ. ಅದು ಗರಗರ ತಿರುಗಿತು, ತೆರೆದುಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಹೊಳೆಯುವ ಮೈ ತುಂಬ ಗೀರು.

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಸರಸ್ವತಿ ಪೂಜೆಗೆ ಪುಸ್ತಕಗಳ ಜೊತೆ ಅದನ್ನೂ ಇಟ್ಟಿದ್ದರಂತೆ. ಅವರ ವಿದ್ಯೆಯೆಲ್ಲ ಅದರಲ್ಲೇ ಇತ್ತಲ್ಲ. ಹೊಳೆಯುವ ಕಡೆಯೇ ಅದರ ಮುಖವೆಂದುಕೊಂಡು ಅಲ್ಲಿಗೇ ಗಂಧ, ಅರಿಶಿನ, ಕುಂಕುಮ ಹಚ್ಚಿದ್ದರು. ಪೂಜೆ ಮುಗಿದ ಮೇಲೆ ದೀಪದ ಕಂಬಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಬೆಳಗಿದ್ದರು!

ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಆದರೆ ಬೈಯುವುದು ಯಾರನ್ನು? ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು, ಅಳುವುದಕ್ಕೂ ಸದ್ದಿರಲಿಲ್ಲ. ಅಂಗಡಿಯವನು "ಫಾರ್ಮ್ಯಾಟ್ ಮಾಡ್ಲಾ?" ಎಂದು ಮತ್ತೆ ಕೇಳಿದ. ಕೋಪವನ್ನೆಲ್ಲ ಅವನ ಮೇಲೆ ತೀರಿಸಿಕೊಂಡು ಕಳಿಸಿಬಿಟ್ಟೆ.

ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಮೇಷ್ಟ್ರು ಬಸವನಗುಡಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದರು. ಕಂಪ್ಯೂಟರ್ ನಡೆಸೋಕೆ ಎಲ್ಲರೂ ಬಳಸುವುದನ್ನು ಬಿಟ್ಟು ಈ ಬಿಟ್ಟಿ ತಂತ್ರಾಂಶ ಹಾಕಿಕೊಳ್ಳಿ ಎಂದು ಸಿಕ್ಕವರಿಗೆಲ್ಲ ಲಿನಕ್ಸ್ ಲಿನಕ್ಸ್ ಎಂದು ಕೊರೆಯುತ್ತಿದ್ದರು. ಅವರು ಮೆಟ್ಟಿಲಿಳಿಯುವ ಸದ್ದಾದರೆ ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ಅವತ್ತು ನಾನೇ ಮೆಟ್ಟಿಲು ಹತ್ತಿದೆ.

ಅವರು ಕೆಳಗಿಳಿದು ಬಂದು ಲಿನಕ್ಸ್ ಇದ್ದ ಒಂದು ಸಿ.ಡಿ. ಹಾಕಿ ಕಂಪ್ಯೂಟರ್ ಚಾಲೂ ಮಾಡಿದರು. "ಇದು ನಿಮ್ಮ ಹಾರ್ಡ್ ಡಿಸ್ಕ್ ಮುಟ್ಟೋದೇ ಇಲ್ಲ. ಪೂರ್ತಿ ಸಿ.ಡಿ.ಯಿಂದಲೇ ಓಡತ್ತೆ. ಒಳಗೇನಿದೆ ಅಂತ ಬರೀ ನೋಡೋಣ, ಬನ್ನಿ" ಎಂದರು. ಎರಡು ನಿಮಿಷದಲ್ಲಿ ಗುರುತಿಲ್ಲದ ತೆರೆ ಮೂಡಿತು. ಅದರೊಳಗೆ ನನ್ನದೇ ಫೋಲ್ಡರು. ಹಾಡುಗಳು ಇದ್ದವು; ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೇಷ್ಟ್ರು ನಿಧಾನವಾಗಿ ಅದೇ ಡಿಸ್ಕಿನಿಂದ ನನ್ನ ಕನ್ನಡ ಫಾಂಟನ್ನು ಹುಡುಕಿ ತಂದು ಕೂರಿಸಿದರು. ಸಾಲು ಸಾಲಾಗಿ ಕನ್ನಡ ಎದ್ದು ನಿಂತಿತು. ನೂರೆಂಬತ್ತೂ ಇದ್ದವು, ಎಣಿಸಿದೆ.

"ಈ ಸಿ.ಡಿ. ವಾಪಸ್ ಬೇಡ. ಕಾಪಿ ಮಾಡಿ ಬೇಕಾದವರಿಗೆ ಕೊಡಿ, ಕಳ್ಳತನ ಅಲ್ಲ. ಇದನ್ನ ಹೆಂಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ಓದ್ಬಹುದು, ಬೇಕಾದಂಗೆ ತಿದ್ಬಹುದು" ಎಂದರು ಮೇಷ್ಟ್ರು.

ಅತ್ತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ನಮ್ಮ ಹಾಡಿನ ಥರಾನೇ."

ನಾನು ಮೂರು ವರ್ಷದಿಂದ ಬಾಗಿಲು ಹಾಕಿಕೊಂಡು ತಪ್ಪಿಸಿಕೊಂಡಿದ್ದ ಪಾಠ ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಗಿತ್ತು.

ಆ ವಾರವೇ ಹಾಡುಗಳನ್ನು ಫ್ಲಾಪಿಗಳಿಗೆ ಇಳಿಸಿಟ್ಟುಕೊಂಡು ಲಿನಕ್ಸ್ ಹಾಕಿಸಿದೆ. ಪ್ರಿಂಟರ್ ಹದಿನೈದು ದಿನ ಮೊಂಡು ಹಿಡಿಯಿತು, ನಾನೂ ಬಿಡಲಿಲ್ಲ. ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲವೆಂದು ಮೇಷ್ಟ್ರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಹತ್ತು ಜನ ಒಳಗೆ ಇಣುಕಿ ನೋಡುವ ಮನೆಯಲ್ಲಿ ಕಳ್ಳ ಹೆಚ್ಚು ದಿನ ಅಡಗಿರಲಾರ. ಗಿರಾಕಿಗಳು ತಂದ ಫ್ಲಾಪಿಗಳು ಆಮೇಲೆ ನನ್ನ ಕಂಪ್ಯೂಟರನ್ನು ಒಮ್ಮೆಯೂ ಮಲಗಿಸಲಿಲ್ಲ. ಹೊಸದು ತಗೊಳ್ಳಿ ಎಂದು ಅಂಗಡಿಯವನು ಗೊಣಗುತ್ತಿದ್ದ ಆ ಹಳೇ ಪೆಟ್ಟಿಗೆಯಲ್ಲೇ ಇನ್ನೂ ಆರು ವರ್ಷ ಮದುವೆ ಪತ್ರಿಕೆ ಮಾಡಿದೆ. ಈಗ ಯಾರಾದರೂ ಲಿನಕ್ಸ್ ಕಷ್ಟ ಎಂದರೆ ನಾನೇ ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಕೊರೆಯುತ್ತೇನೆ.

ಪ್ರಿಂಟರ್ ದಾರಿಗೆ ಬಂದ ದಿನವೇ ಹಾಡುಗಳನ್ನೆಲ್ಲ ಪ್ರಿಂಟ್ ತೆಗೆದು ಕಟ್ಟನ್ನು ಅತ್ತೆಯ ಮಡಿಲಿಗಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿ, ಆರತಿ ಹಾಡೊಂದರ ಮೇಲೆ ಬೆರಳಿಟ್ಟರು. "ನಿಂದೊಂದು ಸಾಲು ಸೇರ್ಸು" ಎಂದರು.

"ನನಗೆಲ್ಲಿ ಬರತ್ತೆ ಅತ್ತೆ?" ಎಂದೆ. ಅವರು ಬೆರಳು ತೆಗೆಯಲಿಲ್ಲ.

ತುಂಬ ಹೊತ್ತು ಕೂತು ಟೈಪ್ ಮಾಡಿದೆ: 'ಬೀಗ ಹಾಕದ ಮನೆಗೆ ಬಾರಮ್ಮ ತಾಯೆ.' ಅತ್ತೆ ತೆರೆಯ ಹತ್ತಿರ ಬಗ್ಗಿ ಓದಿದರು. ಮೇಜಿನ ಮೇಲೆ ತಾಳ ಹಾಕಿ, ನನ್ನ ಸಾಲನ್ನು ತಮ್ಮ ರಾಗದಲ್ಲಿ ಹಾಡಿದರು. ದನಿ ಬರಲಿಲ್ಲ, ತುಟಿ ಮಾತ್ರ ಆಡಿತು. ಅದನ್ನೇ ನೋಡಿಕೊಂಡು ನಾನು ಗಟ್ಟಿಯಾಗಿ ಹಾಡಿದೆ.