ಸೊಲ್ಯೂಷನ್ ಮಾರದ ಅಂಗಡಿ

ಹೈಸ್ಕೂಲಿನ ದಾರಿ ದೊಡ್ಡ ರಸ್ತೆಗೆ ಸೇರುವ ಕಡೆ ಒಂದು ತಗಡಿನ ಸೂರು ಇದೆ. ಅದರ ಕೆಳಗೆ ಸೈಕಲ್ ರಿಪೇರಿ ಅಂಗಡಿ. ಅಂಗಡಿಯವನನ್ನು ಊರೆಲ್ಲ ಕರೆಯುವುದು ಗುಳ್ಳೆ ಮಾಮ ಎಂದು. ಗಾಳಿ ತುಂಬಿದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುವಾಗ ಅವನು ಉಸಿರನ್ನೂ ಬಿಗಿಹಿಡಿಯುತ್ತಾನೆ. ಆ ಹೊತ್ತಿನಲ್ಲಿ ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಬೇರೆ ಹೊತ್ತಿನಲ್ಲೂ ಅಷ್ಟೇನೂ ಬರುವುದಿಲ್ಲ ಎನ್ನುವುದು ಅವನ ಹೆಂಡತಿಯ ದೂರು.

ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜುವುದು, ಸೊಲ್ಯೂಷನ್ ಎನ್ನುವ ಅಂಟನ್ನು ಹಚ್ಚಿ ಬೆರಳಲ್ಲಿ ಸವರುವುದು, ಅದು ಆರುವ ತನಕ ಕಾಯುವುದು, ಪ್ಯಾಚ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಸೊಲ್ಯೂಷನ್ನಿನ ಪುಟ್ಟ ಟ್ಯೂಬುಗಳನ್ನು ಅವನು ಮಾರುತ್ತಲೂ ಇದ್ದ. ದೂರದ ಹಳ್ಳಿಗಳವರು ಮನೆಯಲ್ಲೇ ಪಂಚರ್ ಹಾಕಿಕೊಳ್ಳಲು ಒಂದೋ ಎರಡೋ ಒಯ್ಯುತ್ತಿದ್ದರು. ಎರಡು ವರ್ಷದಿಂದ ಶಾಲೆಯ ಮಕ್ಕಳೂ ಕೊಳ್ಳತೊಡಗಿದ್ದರು. ಈಗಿನ ಮಕ್ಕಳು ಕೈ ಕೊಳೆ ಮಾಡಿಕೊಳ್ಳುವುದಿಲ್ಲ ಎನ್ನುತ್ತಾರಲ್ಲ, ನೋಡು, ತಾವೇ ಕಲಿಯುತ್ತಿದ್ದಾರೆ ಎಂದು ಅವನು ಹೆಂಡತಿಯೊಡನೆ ಹೆಮ್ಮೆಯಿಂದ ಹೇಳಿದ್ದುಂಟು.

ಒಬ್ಬಳೇ ಮಗಳು. ಹತ್ತನೇ ತರಗತಿ. ಮಾತಿನ ಮಲ್ಲಿ, ಅಪ್ಪ ಉಳಿಸಿದ ಮಾತನ್ನೆಲ್ಲ ಇವಳೇ ಆಡಿ ಮುಗಿಸುತ್ತಾಳೆ ಎಂದು ನಾವೆಲ್ಲ ನಗುತ್ತಿದ್ದೆವು. ಆ ವರ್ಷ ಅವಳು ಮಂಕಾದಳು. ಬೆಳಿಗ್ಗೆ ತಲೆನೋವು, ತಟ್ಟೆಯಲ್ಲಿ ಅರ್ಧ ಊಟ, ಬಾಯಿಯ ಸುತ್ತ ಸಣ್ಣ ಸಣ್ಣ ಹುಣ್ಣು. ಪರೀಕ್ಷೆಯ ಚಿಂತೆ ಇರಬೇಕು, ವಯಸ್ಸೂ ಅಂಥದ್ದು ಎಂದು ತಾಯಿ ಸುಮ್ಮನಾದಳು. ಮಗಳ ದಿಂಬಿಗೆ, ಶಾಲೆಯ ಬಟ್ಟೆಗೆ ಸೊಲ್ಯೂಷನ್ ವಾಸನೆ ಹತ್ತಿತ್ತು. ಆದರೆ ಆ ಮನೆಯಲ್ಲಿ ಯಾವುದಕ್ಕೆ ಆ ವಾಸನೆ ಇರಲಿಲ್ಲ? ಟವೆಲ್ಲಿಗಿತ್ತು, ಬಾಗಿಲ ಚಿಲಕಕ್ಕಿತ್ತು, ಗಂಡನ ಅಂಗಿಯನ್ನು ಮೂರು ನೀರಲ್ಲಿ ಒಗೆದರೂ ಹೋಗುತ್ತಿರಲಿಲ್ಲ. ಅವನ ಮೂಗಿಗಂತೂ ಆ ವಾಸನೆ ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಬೇರೆ ಯಾರ ಮನೆಯಲ್ಲಾದರೂ ವಾರದೊಳಗೆ ಸಿಕ್ಕಿಬೀಳುತ್ತಿದ್ದ ಸಂಗತಿ ಇವರ ಮನೆಯಲ್ಲಿ ಎಂಟು ತಿಂಗಳು ನಡೆಯಿತು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿಕಳಿಸಿದಳು. ಹೋದರೆ ಮಗಳು ಮಂಚದ ಮೇಲೆ ಮಲಗಿದ್ದಳು, ತುಟಿ ಬಿಳಿಚಿತ್ತು. ಪಾಳುಬಿದ್ದ ಪಂಪ್‌ಹೌಸಿನ ಹಿಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದಳಂತೆ. ಜೊತೆಯಲ್ಲಿದ್ದ ಇಬ್ಬರು ಹೆದರಿ ಓಡಿಹೋದರು. ಅವರಲ್ಲೊಬ್ಬ ಓಡಿದ್ದು ನರ್ಸಮ್ಮನ ಬಳಿಗೇ ಆದದ್ದರಿಂದ ಜೀವ ಉಳಿಯಿತು. ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕ ಸೊಲ್ಯೂಷನ್ ಟ್ಯೂಬನ್ನು ನರ್ಸಮ್ಮ ಅಂಗೈಯಲ್ಲಿಟ್ಟು ತೋರಿಸಿದಳು.

"ಇದು ನಿಮ್ಮ ಅಂಗಡಿದಾ ಮಾಮ?"

"ಹೌದು," ಎಂದ.

ಇದನ್ನು ಮೂಸುತ್ತಾರೆ, ಮೂಸಿದರೆ ಅಮಲೇರುತ್ತದೆ, ಈ ಊರಿನಲ್ಲಿ ಇವಳೊಬ್ಬಳೇ ಅಲ್ಲ ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ. ಹೆಂಡತಿ ಓಡಿ ಬಂದ ಮೇಲೆ, ಪಟ್ಟಣದ ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಗೊತ್ತಾಯಿತು. ಅವನು ಎದ್ದು ಅಂಗಡಿಗೆ ಹೋದ. ಅಲ್ಲಿ ಯಾರದೋ ಚಕ್ರ ಬಿಚ್ಚಿದ್ದು ಹಾಗೇ ಇತ್ತು. ಅದನ್ನು ಜೋಡಿಸಿ, ಗಾಳಿ ತುಂಬಿ, ಕಾಯುತ್ತಿದ್ದವನಿಗೆ ಕೊಟ್ಟು, ಕೈ ತೊಳೆದು ವಾಪಸು ಬಂದ. ಮಗಳು ಹಾಗೆ ಮಲಗಿದ್ದಾಗ ಪಂಚರ್ ಹಾಕಲು ಹೋದನಲ್ಲ, ಎದೆಯೋ ಕಲ್ಲೋ ಎಂದು ಊರು ಆಡಿಕೊಂಡಿತು. ನಾಲಿಗೆಗೆ ಎಲುಬಿಲ್ಲ. ತಾನು ಹೋದದ್ದು ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಒಳಗೆ ಏನೋ ಮರಗಟ್ಟಿತ್ತು. ಚಿವುಟಿದರೆ ನೋಯಬೇಕಾದ ಕಡೆ ನೋಯುತ್ತಿರಲಿಲ್ಲ.

ಆಸ್ಪತ್ರೆಯಿಂದ ವ್ಯಸನ ಬಿಡಿಸುವ ಕೇಂದ್ರಕ್ಕೆ, ಅಲ್ಲಿ ಎರಡು ತಿಂಗಳು. ಹೆಂಡತಿ ಮಗಳ ಜೊತೆ ಉಳಿದಳು, ಅವನು ಊರಲ್ಲಿ ಉಳಿದ. ಪಾದದ, ಬೆರಳಿನ ನರಗಳಿಗೆ ಪೆಟ್ಟಾಗಿದೆ, ಸ್ವಾಧೀನ ಸ್ವಲ್ಪ ವಾಪಸು ಬರುತ್ತದೆ, ಪೂರ್ತಿ ಬರುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಅವನು ಅದಕ್ಕೂ ತಲೆಯಾಡಿಸಿದ.

ಅಂಗಡಿಯಲ್ಲಿ ಟ್ಯೂಬುಗಳ ಡಬ್ಬಿಯನ್ನು ಬೀಗವಿರುವ ಪೆಟ್ಟಿಗೆಗೆ ಹಾಕಿದ. ಇನ್ನು ಸೊಲ್ಯೂಷನ್ ಮಾರುವುದಿಲ್ಲ, ಪಂಚರ್ ಆದರೆ ಸೈಕಲ್ ಇಲ್ಲಿಗೆ ತನ್ನಿ ಎಂದ. ನಾಲ್ಕು ಮೈಲಿ ಸೈಕಲ್ ತಳ್ಳಿಕೊಂಡು ಬರಬೇಕಾ ಎಂದು ದೂರದ ಹಳ್ಳಿಯವರು ಕೇಳಿದಾಗ, ಭಾನುವಾರಗಳಂದು ಚೀಲ, ಪಂಪು ಕಟ್ಟಿಕೊಂಡು ತಾನೇ ಆ ಹಳ್ಳಿಗಳಿಗೆ ಹೋಗತೊಡಗಿದ. ಊರಿನಲ್ಲಿ ಸೊಲ್ಯೂಷನ್ ಮಾರುವ ಅಂಗಡಿ ಇನ್ನೂ ಮೂರಿದ್ದವು. ಮೂರಕ್ಕೂ ಹೋಗಿ ನಿಂತ. ಬಸ್ ನಿಲ್ದಾಣದವನು ಆಗಲಿ ಎಂದು ಆ ದಿನವೇ ನಿಲ್ಲಿಸಿದ. ಕಿರಾಣಿಯವಳು ಹೂಂ ಎಂದು, ಮಾರುತ್ತಲೇ ಹೋದಳು. ಹಾರ್ಡ್‌ವೇರ್ ಅಂಗಡಿಯ ಯಜಮಾನ ಮಾತ್ರ ಮುಖದ ಮೇಲೇ ಆಡಿದ.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದಿದ್ದೀಯಲ್ಲಪ್ಪ."

"ನಿಮ್ಮ ಕೋಟೆ ಇನ್ನೂ ಇದೆಯಲ್ಲ ಯಜಮಾನ್ರೇ," ಎಂದ ಗುಳ್ಳೆ ಮಾಮ.

ಯಜಮಾನನ ಮೊಮ್ಮಗ ಏಳನೇ ತರಗತಿಯಲ್ಲಿದ್ದ. ಎರಡು ದಿನ ಬಿಟ್ಟು ಆ ಅಂಗಡಿಯಲ್ಲೂ ಟ್ಯೂಬುಗಳು ಒಳಗಿನ ಕಪಾಟಿಗೆ ಹೋದವು. ದೊಡ್ಡವರು ಕೇಳಿದರೆ ಮಾತ್ರ ಹೊರಗೆ ಬರುತ್ತಿದ್ದವು.

ಶಾಲೆಯ ಹೆಡ್‌ಮೇಡಂ ಅವನನ್ನು ಪ್ರಾರ್ಥನೆಯ ಹೊತ್ತಿಗೆ ಕರೆಸಿ ನಾಲ್ಕು ಮಾತಾಡಿ ಎಂದರು. ಅವನು ಇನ್ನೂರು ಮಕ್ಕಳ ಮುಂದೆ ಬಹಳ ಹೊತ್ತು ನಿಂತ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದವರೂ ಸುಮ್ಮನಾದರು.

"ನನ್ನ ಹತ್ರ ತಗೊಂಡವರೆಲ್ಲ ಯಾರು ಅಂತ ನೆನಪಿದೆ," ಎಂದ ಕೊನೆಗೆ. "ಊರಿಗೆ ಹೇಳಲ್ಲ. ನಿಮ್ಮ ನಿಮ್ಮ ಮನೆಗೆ ಬಂದು ಹೇಳ್ತೀನಿ."

ಹೇಳಿದಂತೆ ಹನ್ನೊಂದು ಮನೆಗೆ ಹೋದ, ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು. ಕೆಲವರು ಕೂರಿಸಿ ಚಹಾ ಕೊಟ್ಟರು, ಕೆಲವರು ಅಂಗಳದಿಂದಲೇ ಕಳಿಸಿದರು. ಒಬ್ಬ ಅಪ್ಪ, ನನ್ನ ಮಗನ ಮೇಲೆ ಗೂಬೆ ಕೂರಿಸಲು ಬಂದಿದ್ದೀಯಾ ಎಂದು ಕುತ್ತಿಗೆಗೇ ಕೈಹಾಕಿದ. ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುವ ಹೆಂಗಸೊಬ್ಬಳು ಕೇಳಿಸಿಕೊಂಡಷ್ಟೂ ಹೊತ್ತು ತಲೆ ತಗ್ಗಿಸಿಕೊಂಡಿದ್ದು, ಆಮೇಲೆ ಸಿಡಿದಳು.

"ಮೊದಲು ನಿಮ್ಮ ಮನೆ ನೋಡ್ಕೊಳ್ಳಿ."

"ನೋಡ್ಕೊಳ್ಳಲಿಲ್ಲಮ್ಮ. ಅದಕ್ಕೇ ಬಂದೆ."

ಅವನು ಹೊರಟ. ಗೇಟು ದಾಟುವಷ್ಟರಲ್ಲಿ ಅವಳು ಹಿಂದಿನಿಂದ ಬಂದು, ಏನು ನೋಡಬೇಕು ಎಂದು ಕೇಳಿದಳು. ನರ್ಸಮ್ಮ ಕಲಿಸಿದ್ದನ್ನು ಅವನು ಒಂದೊಂದಾಗಿ ಹೇಳಿದ: ಬೆಳಗಿನ ತಲೆನೋವು, ಬಾಯಿಯ ಸುತ್ತ ಹುಣ್ಣು, ಬಚ್ಚಿಟ್ಟ ಬಟ್ಟೆ ಚೂರು, ತೊದಲು ಮಾತು. ಹೊಡೆಯಬೇಡಿ, ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂದ. ಮತ್ತೆ ವಾಸನೆ ಎಂದ. ನಿಮ್ಮ ಮನೆಯಲ್ಲಾದರೆ ಅದು ಗೊತ್ತಾಗುತ್ತದೆ ಎಂದು ಸೇರಿಸಿದ.

ಮಗಳು ವಾಪಸು ಬಂದಳು. ದಪ್ಪಗಾಗಿದ್ದಳು, ನಿಧಾನವಾಗಿದ್ದಳು, ಲೋಟ ಹಿಡಿದರೆ ಎರಡು ಕೈಯಲ್ಲೂ ಹಿಡಿಯುತ್ತಿದ್ದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದು ದಿನ ಕೇಳಿದಳು.

"ಅಪ್ಪಾ, ಆ ಮನೆಗಳಲ್ಲಿ ನನ್ನ ವಿಷಯ ಹೇಳ್ತೀಯಾ?"

"ಹೇಳ್ತೀನಿ."

"ಹೇಳು. ಆದ್ರೆ ನನ್ನನ್ನ ಒಂದು ಮಾತು ಕೇಳಬೇಕಿತ್ತು."

ಕೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಲಿಲ್ಲ. ಯಾಕೆ ಶುರುಮಾಡಿದೆ ಎಂದು ಅವನು ಕೇಳಿದ. ಎಲ್ಲರೂ ಕೇಳಿದ್ದರು, ಅವನೊಬ್ಬ ಕೇಳಿರಲಿಲ್ಲ. ಅವಳು ದೊಡ್ಡ ಕಾರಣವನ್ನೇನೂ ಹೇಳಲಿಲ್ಲ. ಗೆಳತಿಯೊಬ್ಬಳು ನಿಮ್ಮಪ್ಪನ ಅಂಗಡಿಯಿಂದ ಒಂದು ತಾ ಎಂದಳು, ತಂದುಕೊಟ್ಟೆ. ಶಾಲೆ ಬಿಡುವುದು ಮೂರೂವರೆಗೆ, ಹಳ್ಳಿಗಳಿಗೆ ಹೋಗುವ ಬಸ್ಸು ಐದೂಮುಕ್ಕಾಲಿಗೆ. ಶಾಲೆಗೆ ಬೀಗ ಬಿದ್ದಿರುತ್ತದೆ. ಬಸ್ಸಿಗೆ ಕಾಯುವ ಮಕ್ಕಳಿಗೆ ಜೊತೆಯಾಗಿ ನಾನೂ ಪಂಪ್‌ಹೌಸಿನ ಹಿಂದೆ ಕೂರುತ್ತಿದ್ದೆ. ಹೊತ್ತು ಹೋಗುತ್ತಿರಲಿಲ್ಲ. ಅಷ್ಟೇ ಎಂದಳು.

ಮರುದಿನ ಅವನು ಹೆಡ್‌ಮೇಡಂ ಬಳಿ ಹೋಗಿ ಆ ಎರಡೂಕಾಲು ಗಂಟೆಯ ಮಾತು ತೆಗೆದ. ಬಸ್ಸು ಬರುವ ತನಕ ಒಂದು ಕೋಣೆ ತೆರೆದಿಡಬೇಕು ಎಂದ. ಅದಕ್ಕೆ ಮೇಲಿನವರ ಅನುಮತಿ, ಬೀಗದ ಕೈ ಯಾರ ಹೊಣೆ ಎಂಬ ಪ್ರಶ್ನೆ, ಮೂರು ಅರ್ಜಿ, ಒಂದು ವರ್ಷ. ಕೊನೆಗೆ ಕೋಣೆ ತೆರೆಯಿತು. ಹೆಡ್‌ಮೇಡಂ, ನರ್ಸಮ್ಮ ಸರದಿಯಲ್ಲಿ ಕೂತರು. ಎರಡು ಕೇರಂ ಬೋರ್ಡು, ಅಂಗಳದಲ್ಲಿ ವಾಲಿಬಾಲ್ ನೆಟ್ಟು, ಒಂದು ಕಪಾಟು ಪುಸ್ತಕ. ಮೊದಲ ವಾರ ಆರು ಮಕ್ಕಳು ಬಂದರು, ಈಗ ಮೂವತ್ತರ ಮೇಲೆ. ಪಂಪ್‌ಹೌಸಿನ ಹಿಂದೆ ಈಗ ಯಾರೂ ಇಲ್ಲ ಎಂದು ನಾನು ಆಣೆ ಮಾಡಲಾರೆ. ಮಗಳು ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಪಾಸಾದಳು. ಆ ಕೋಣೆಯಲ್ಲಿ ಪುಸ್ತಕ ಕೊಡುವ ಕೆಲಸ ಅವಳದೇ. ಪುಸ್ತಕ ಕೈಜಾರಿದರೆ ಮಕ್ಕಳು ಎತ್ತಿಕೊಡುತ್ತಾರೆ.

ಆ ಹನ್ನೊಂದು ಮಂದಿಯಲ್ಲಿ ಏಳು ಜನ ಮೂಸುವುದನ್ನು ಬಿಟ್ಟರು. ಇಬ್ಬರು ಕೇಂದ್ರಕ್ಕೆ ಹೋಗಿ ಬಂದರು, ಅದರಲ್ಲಿ ಡೇರಿಯವಳ ಮಗನೂ ಒಬ್ಬ. ಒಬ್ಬನ ಮನೆಯವರು ಊರೇ ಬಿಟ್ಟರು. ಇನ್ನೊಬ್ಬ, ಕುತ್ತಿಗೆಗೆ ಕೈಹಾಕಿದ ಅಪ್ಪನ ಮಗ, ಕೋಣೆ ತೆರೆಯುವ ಮುನ್ನವೇ ಚಳಿಗಾಲದಲ್ಲಿ ತೀರಿಕೊಂಡ. ಹದಿನೇಳು ವರ್ಷ. ಗುಳ್ಳೆ ಮಾಮ ಹೋಗಿ ಅಂಗಳದಲ್ಲಿ ನಿಂತು ಬಂದ. ಆಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಒಂದು ಸಲ ಅತ್ತುಬಿಡಲಿ ಎಂದು ಕಾಯುತ್ತಿದ್ದೇನೆ ಎಂದು ಹೆಂಡತಿ ನನ್ನೊಡನೆ ಹೇಳಿದ್ದಾಳೆ.

ಎರಡು ತಿಂಗಳ ನಂತರ ಆ ಅಪ್ಪ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಮಗನದು. ಅವನ ತಂಗಿ ಹತ್ತುತ್ತಾಳಂತೆ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತ. ಗುಳ್ಳೆ ಮಾಮ ಎರಡೂ ಟೈರ್ ಬಿಚ್ಚಿ ಹೊಸ ಟ್ಯೂಬು ಹಾಕಿದ, ಬ್ರೇಕ್ ಬಿಗಿ ಮಾಡಿದ, ತುಕ್ಕು ಹಿಡಿದ ಚೈನು ತೆಗೆದು ಬೇರೆ ಹಾಕಿದ. ಹುಡುಗಿ ಎಷ್ಟು ಎತ್ತರ ಎಂದು ಕೇಳಿದ. ಅಪ್ಪ ಕೂತಲ್ಲಿಂದಲೇ ಕೈಯನ್ನು ತಲೆಗಿಂತ ತುಸು ಮೇಲೆ ಹಿಡಿದು ತೋರಿಸಿದ, ತೋರಿಸಿದ ಕೈಯನ್ನು ಇಳಿಸುವುದು ಮರೆತ. ಗುಳ್ಳೆ ಮಾಮ ಸೀಟನ್ನು ನಾಲ್ಕು ಬೆರಳು ಕೆಳಗಿಳಿಸಿ ನಟ್ಟು ಬಿಗಿದ.